ಚಂದ್ರನಿಗೆ ಹೊರಟವರ ಗಂಟೆ

ದೆವ್ವ, ಗಾಳಿ, ಭಾನಾಮತಿ ಎಂದವರ ಮುಂದೆ ನಕ್ಕವಳು ನಾನು. ಮೇಲಾಗಿ ವಿಜ್ಞಾನ ಕಲಿಸುವವಳು. ಹಾಗಾಗಿ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದಷ್ಟನ್ನೇ ಹೇಳುತ್ತೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಿಪ್ಪಾಣಿಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ನಾನು ಟೀಚರ್. ನನ್ನ ಮಗಳು ಶೋಭಾ ಅಲ್ಲೇ ಹತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಚಿಕ್ಕೋಡಿಯ ವಿಜ್ಞಾನ ಪ್ರದರ್ಶನಕ್ಕೆಂದು ಅವಳೂ ಅವಳ ಇಬ್ಬರು ಗೆಳತಿಯರೂ ಚಂದ್ರಯಾನದ ಯೋಜನೆಯೊಂದನ್ನು ಬರೆದಿದ್ದರು. ಮೂವರು ಹೋಗುವುದು, ಇಬ್ಬರು ಇಳಿದು ಕಲ್ಲು ಮಣ್ಣು ತರುವುದು, ಒಬ್ಬಳು ಮೇಲೆ ಸುತ್ತುತ್ತಿರುವುದು. ನೀರೆಷ್ಟು, ರೊಟ್ಟಿ ಎಷ್ಟು, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಎಷ್ಟು ಎಂಬುದನ್ನೆಲ್ಲ ತೂಗಿ ಬರೆದಿದ್ದರು. ಬರೆದರೆ ಸಾಲದು, ಒಂದು ದಿನ ಮುಚ್ಚಿದ ಕೋಣೆಯಲ್ಲಿ ಇದ್ದು ತೋರಿಸಬೇಕು ಎಂದು ಅವರಿಗೆ ಹುಚ್ಚು ಹತ್ತಿತು. ಹತ್ತಿಸಿದವಳು ನಾನೇ.

ಪರಿಚಯದವರ ತಂಬಾಕಿನ ವಖಾರಿಯ ಹಿಂದಿನ ಕೋಣೆ ಸಿಕ್ಕಿತು. ಕಿಟಕಿಯಿಲ್ಲ, ಒಂದೇ ಬಾಗಿಲು. ಮೂಲೆಯಲ್ಲಿ ಗೋಣಿಚೀಲಗಳ ರಾಶಿ. ಬಾಗಿಲ ಸಂದಿಗೆಲ್ಲ ಒದ್ದೆ ಗೋಣಿ ತುರುಕಿ ಕೆಸರು ಮೆತ್ತಿದೆವು. ಶಾಲೆಯ ವಿದ್ಯುತ್ ಗಂಟೆಯನ್ನು ಹೊರಗೆ ನನ್ನ ಬಳಿ ಇಟ್ಟು, ಅದರ ಒತ್ತುಗುಂಡಿಯನ್ನು ಒಳಗಿನ ಸ್ಟೂಲಿನ ಮೇಲಿಟ್ಟೆವು. ಕಾಲು ತಾಸಿಗೊಮ್ಮೆ ಒಂದು ಸಲ ಬಾರಿಸಿದರೆ ಎಲ್ಲರೂ ಕ್ಷೇಮ. ಮೂರು ಸಲ ಬಾರಿಸಿದರೆ ಮಾತ್ರ ಬಾಗಿಲು ತೆಗೆಯಬೇಕು. ಆ ನಿಯಮ ಶೋಭಾಳದು.

"ಅವ್ವಾ, ನೀ ಅಂಜಿ ನಡುವ ಬಾಗ್ಲಾ ತಗದಿ ಅಂದ್ರ ಎಲ್ಲಾ ಹಾಳಾಗ್ತೈತಿ ನೋಡ. ಚಂದ್ರನ ಮ್ಯಾಲ ಯಾರ ಬಂದು ತಗೀತಾರ?" ಎಂದು ಒಳಗೆ ಹೋದಳು.

ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿದೆವು. ಸಂಜೆ ಐದಕ್ಕೆ ತೆರೆಯುವುದು. ಕುರ್ಚಿ ಹಾಕಿಕೊಂಡು, ಗಂಟೆ ಬಾರಿಸಿದಾಗೊಮ್ಮೆ ವಹಿಯಲ್ಲಿ ಗೀಟು ಹಾಕುತ್ತ ಕುಳಿತೆ. ಕೈಗಡಿಯಾರಕ್ಕೆ ಸರಿಯಾಗಿ ಬಾರಿಸುತ್ತಿತ್ತು. ಆದರೂ ಹನ್ನೆರಡರ ಹೊತ್ತಿಗೆ ಕಿವಿ ಬಾಗಿಲ ಕಡೆಗೇ ಹೋಗತೊಡಗಿತು. ಒಳಗಿನ ನಗು, ಪಿಸುಮಾತು ಯಾವಾಗಲೋ ನಿಂತಿದ್ದವು. ಎರಡು ಸಲ ಎದ್ದು ಬಾಗಿಲಿಗೆ ಕೈ ಇಟ್ಟೆ. ಅಷ್ಟರಲ್ಲಿ ಗಂಟೆ ಬಾರಿಸಿತು. ನಾಚಿಕೆಪಟ್ಟು ಮರಳಿ ಕುಳಿತೆ.

ಎರಡೂಕಾಲರ ಹೊತ್ತಿಗೆ ವಖಾರಿಯಲ್ಲಿ ತಂಬಾಕನ್ನು ಜರಡಿ ಹಿಡಿದು ಜಾಳಿಸುವ ಗಂಗವ್ವ ಯಾವುದೋ ಕೆಲಸಕ್ಕೆ ಬಂದಳು. ಮೆತ್ತಿದ ಬಾಗಿಲು ನೋಡಿ ಅವಳ ಮುಖ ಕಪ್ಪಿಟ್ಟಿತು.

"ಅಕ್ಕೋರ, ಹುಡುಗ್ಯಾರ್ನ ಇದರಾಗ ಹಾಕೀರೇನ್ರಿ? ಮೂಲ್ಯಾಗ ನೀರ ಹೊಡದು ಮುಚ್ಚಿಟ್ಟ ತಂಬಾಕ ಐತಲ್ರಿ! ಕಾಯಾಕತ್ತಿರ್ತೈತಿ ಅದು, ಅದರ ಘಾಟಿಗೆ ಉಸರ ಕಟ್ಟತೈತ್ರಿ. ನಾವ ಅದನ್ನ ತಗಿಯೋಮುಂದ ಬಾಗ್ಲಾ ಹಾಕೂದಿಲ್ರಿ."

ನಾನು ಗೋಣಿಚೀಲ ಎಂದುಕೊಂಡದ್ದರ ಅಡಿಯಲ್ಲಿ ಹದಕ್ಕೆ ಬರಲೆಂದು ಇಟ್ಟ ತಂಬಾಕು ಇತ್ತು. ನಮ್ಮ ಮೂಗಿಗೆ ಅದು ತಿಳಿಯಲಿಲ್ಲ. ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದವರಿಗೆ ತಂಬಾಕಿನ ವಾಸನೆ ವಾಸನೆಯೇ ಅಲ್ಲ.

ಆಗಲೇ ಗಂಟೆ ಬಾರಿಸಿತು. ಒಂದೇ ಸಲ.

"ಕೇಳಿದೇನ ಗಂಗವ್ವ? ಆರಾಮ ಅದಾರ," ಎಂದೆ. ಈ ಮಾತು ಆಡಿದ್ದು ನಾನೇ.

"ಗಂಟಿ ಯಾರರೆ ಬಾರಸ್ಲಿ ಬಿಡ್ರಿ! ಬಾಗ್ಲಾ ತಗೀರಿ ಮೊದ್ಲ!" ಎನ್ನುತ್ತ ಅವಳೇ ಗೋಣಿ ಕಿತ್ತಳು.

ಒಳಗಿಂದ ಬಿಸಿ ಘಾಟು ಮುಖಕ್ಕೆ ಬಡಿಯಿತು. ಮೂವರೂ ಚಾಪೆಯ ಮೇಲೆ ಬಿದ್ದಿದ್ದರು. ಒತ್ತುಗುಂಡಿಯ ಸ್ಟೂಲು ಅವರಿಂದ ನಾಲ್ಕು ಮಾರು ದೂರದಲ್ಲಿತ್ತು. ಎಳೆದು ತಂದು ಬೇವಿನ ಮರದಡಿ ಮಲಗಿಸಿ, ನೀರು ಚಿಮುಕಿಸಿ, ಕೂಗಿ ಕೂಗಿ ನನ್ನ ಗಂಟಲು ಒಡೆಯಿತು. ಕೊನೆಗೆ ಶೋಭಾ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಗೆಳತಿಯರೂ ಒಬ್ಬೊಬ್ಬರಾಗಿ ಅಲುಗಾಡಿದರು. ಮಗಳನ್ನು ತಬ್ಬಿಕೊಂಡು ಅಳುತ್ತಿದ್ದಾಗ ಹಿಂದೆ ಗಂಟೆ ಬಾರಿಸಿತು. ಗಡಿಯಾರ ನೋಡಿದೆ. ಎರಡೂವರೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಒಳಗೆ ಶೋಭಾ ಬರೆಯುತ್ತಿದ್ದ ವಹಿ ಈಗಲೂ ನನ್ನ ಬಳಿ ಇದೆ. ಅದರ ಕೊನೆಯ ಸಾಲು ಹನ್ನೊಂದೂ ಮುಕ್ಕಾಲರದು: "ತಲೆ ಭಾರ. ನಿದ್ದೆ ಬರುತ್ತಿದೆ. ಮೂವರೂ ಕ್ಷೇಮ." ಅಲ್ಲಿಂದ ಹಾಳೆ ಖಾಲಿ. ನನ್ನ ವಹಿಯಲ್ಲಿ ಆಮೇಲೆ ಹತ್ತು ಗೀಟುಗಳಿವೆ. ಆ ಹೊತ್ತಿನಲ್ಲಿ ತಾವು ಎದ್ದದ್ದಾಗಲಿ ಗುಂಡಿ ಒತ್ತಿದ್ದಾಗಲಿ ಮೂವರಿಗೂ ನೆನಪಿಲ್ಲ. ತಂತಿಗೆ ಒದ್ದೆ ತಾಗಿರಬೇಕು, ಇಲಿ ಕಡಿದಿರಬೇಕು ಎಂದರು ಜೊತೆಯ ಶಿಕ್ಷಕರು. ತಂತಿಯುದ್ದಕ್ಕೂ ಬೆರಳಾಡಿಸಿ ನೋಡಿದೆ, ಎಲ್ಲಿಯೂ ಗಾಯವಿರಲಿಲ್ಲ. ಅಲ್ಲದೆ ಯಾವ ಇಲಿ ಗಡಿಯಾರ ನೋಡಿ ಕಡಿಯುತ್ತದೆ?

ಎಲ್ಲರೂ ಕ್ಷೇಮ ಎಂದು ನನಗೆ ಹೇಳುತ್ತಿದ್ದುದು ಏನು, ಯಾಕೆ ಹೇಳಿತು, ನನಗೆ ಗೊತ್ತಿಲ್ಲ. ಆ ಯೋಜನೆ ಚಿಕ್ಕೋಡಿಗೆ ಹೋಗಲಿಲ್ಲ.

ಮದುವೆಯಾಗಿ ಅಥಣಿಗೆ ಹೋದ ಮೇಲೆ ಶೋಭಾ ಒಮ್ಮೆ ಕೇಳಿದಳು: "ಅವ್ವಾ, ಗಂಗವ್ವ ಬರದಿದ್ರ ಐದರ ತನಕಾ ಹಂಗ ಕೂಡ್ತಿದ್ದೇನ?"

ನಿಯಮ ನಿನ್ನದೇ ಅಲ್ಲವೇನೇ ಎನ್ನಬಹುದಿತ್ತು. ಕೂಡುತ್ತಿದ್ದೆ. ಗೀಟು ಹಾಕುತ್ತ ಕೂಡುತ್ತಿದ್ದೆ.