ಬಿಟ್ಟುಹೋಗುವ ಮನೆಗೆ ಸುಣ್ಣ

ಮೊನ್ನೆ ನಮ್ಮ ದುರ್ಗಿಗುಡಿ ಬೀದಿಯಲ್ಲಿ ಮರದ ಬುಡಗಳಿಗೆ ಬಳಿಯೋಕೆ ಯಾರೋ ಬಕೆಟ್ಟಿನಲ್ಲಿ ಸುಣ್ಣ ಕಲಸುತ್ತಿದ್ದರು. ಆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಮನೆ ಕಣ್ಣ ಮುಂದೆ ಎದ್ದು ನಿಂತಿತು. ಈಗಿನ ಪೇಂಟಿಗೆ ಆ ವಾಸನೆ ಇಲ್ಲ. ಈಗ ಆ ಮನೆಯೂ ಇಲ್ಲ. ಸೂರು ಕುಸಿದು ಒಳಗೆಲ್ಲ ಲಂಟಾನ ಬೆಳೆದಿದೆ. ನೀವು ಆಡಿ ಬೆಳೆದ ಮನೆಗೂ ಹೀಗೇ ಆಗಿದ್ದರೆ ನನ್ನ ಮಾತು ನಿಮಗೆ ಅರ್ಥವಾಗುತ್ತೆ.

ಅಪ್ಪ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ ಫರ್ನೇಸ್ ಮುಂದೆ ಕೆಲಸ ಮಾಡುತ್ತಿದ್ದ. ಜ್ವರ ಬಂದು ಹೋಗಿಬಿಟ್ಟ. ಕೆಲಸ ಮಾಡುವವನೇ ಇಲ್ಲದ ಮೇಲೆ ಕ್ವಾರ್ಟರ್ಸ್ ಖಾಲಿ ಮಾಡಬೇಕಲ್ಲ. ಖಾಲಿ ಮಾಡುವವರು ಬಲ್ಬು, ನಲ್ಲಿ, ಕಿಟಕಿಯ ಚಿಲಕ ಸಮೇತ ಕಿತ್ತುಕೊಂಡು ಹೋಗುತ್ತಿದ್ದ ಕಾಲ. ನಮ್ಮವ್ವ ಮಾತ್ರ ಸೀರೆ ಎತ್ತಿ ಕಟ್ಟಿ, ಸುಣ್ಣಕ್ಕೆ ಚೂರು ನೀಲಿ ಹಾಕಿ, ಕ್ರಿಸ್ಮಸ್ಸಿಗೆ ಬಳಿಯುವ ಹಾಗೆ ಗೋಡೆ ಬಳಿಯೋಕೆ ನಿಂತಳು. "ಬಿಟ್ಟುಹೋಗೋ ಮನೆಗೆ ಸುಣ್ಣ ಹೊಡೀತಾರೇನೇ ಮಾರಾಯ್ತಿ, ತಲೆ ಕೆಟ್ಟಿದೆಯಾ?" ಅಂತ ಪಕ್ಕದ ಮನೆಯ ಗೌರಕ್ಕ ನಕ್ಕಳು. "ಬರೋರು ಮನುಷ್ಯರಲ್ವಾ?" ಅಂದಳು ಅವ್ವ.

ಅಷ್ಟರಲ್ಲಿ ಅಪ್ಪನ ಹುಟ್ಟೂರು ಕುಂಸಿಯಿಂದ ದೊಡ್ಡಪ್ಪ ಬಂದರು. ಅಪ್ಪ ಯೇಸುವನ್ನು ನಂಬಿ ಚರ್ಚಿಗೆ ಸೇರಿದ ಮೇಲೆ ನಮ್ಮಲ್ಲಿ ಒಂದು ಲೋಟ ನೀರೂ ಮುಟ್ಟದವರು. ಕೆಟ್ಟವರೇನಲ್ಲ, ಅಕ್ಕಿ ಮೂಟೆ ಹೊತ್ತು ತಂದಿದ್ದರು. "ಮಕ್ಕಳನ್ನ ಕರ್ಕೊಂಡು ಊರಿಗೆ ಬಂದ್ಬಿಡಮ್ಮ. ಹಿತ್ತಲ ಕೋಣೆ ಬಿಟ್ಕೊಡ್ತೀನಿ. ಆ ಚರ್ಚು ಗಿರ್ಚು ಮಾತ್ರ ಸಾಕು ಮಾಡು. ಇಲ್ದಿದ್ರೆ ಊರು ಅಂತ ಯಾವ್ದಿದೆ ನಿಂಗೆ?" ಅಂದರು. ನನಗಂತೂ ಹೋಗಬೇಕಿತ್ತು. ಕುಂಸಿಯಲ್ಲಿ ಎಮ್ಮೆ ಇತ್ತು, ಹಾಲಿತ್ತು. ಹೂಂ ಅನ್ನಲಿ ಅಂತ ಅವ್ವನ ಸೆರಗು ಜಗ್ಗಿದೆ. ಅವಳು ಬ್ರಷ್ ಕೆಳಗಿಡಲಿಲ್ಲ.

"ನಂಗೆ ಊರಿದೆ ಭಾವ. ಸತ್ತಮೇಲೆ ಸಿಗೋದಲ್ಲ, ಈಗ್ಲೇ ನಾನು ಪರಲೋಕದೋಳು. ಮಕ್ಕಳೂ ಅಲ್ಲಿಯೋರೇ. ಇಲ್ಲಿ ಸುಣ್ಣ ಹೊಡೀತಿದೀನಿ, ಅಷ್ಟೆ."

"ಓಹೋ! ಹಾಗಾದ್ರೆ ಇವತ್ತು ಮಕ್ಕಳನ್ನ ಅಲ್ಲೇ ಮಲಗಿಸ್ತೀಯೋ?"

"ಇಲ್ಲ, ಶಿವಮೊಗ್ಗದಲ್ಲಿ. ದುರ್ಗಿಗುಡೀಲಿ ಒಂದು ಬಾಡಿಗೆ ಕೋಣೆ ಹಿಡಿದಿದೀನಿ. ಸಾರು ಕುದೀತಿದೆ, ಉಂಡ್ಕೊಂಡು ಹೋಗಿ."

ದೊಡ್ಡಪ್ಪ ನಕ್ಕೇಬಿಟ್ಟರು. ಕೈ ತೊಳೆದು ಕೂತು ಉಂಡರು ಕೂಡ. ಆಮೇಲೆ "ಹಠಮಾರಿ" ಅಂತ ಗೊಣಗುತ್ತಲೇ ನಮ್ಮ ಟ್ರಂಕನ್ನು ಬಸ್ಸಿನವರೆಗೆ ತಾವೇ ಹೊತ್ತರು.

ಆ ಬಾಡಿಗೆ ಕೋಣೆ ಸೋರುತ್ತಿತ್ತು. ಅವ್ವ ಕಂಡವರ ಮನೆ ಪಾತ್ರೆ ತಿಕ್ಕಿ ನಮ್ಮನ್ನು ಸಾಕಿದಳು, ನನ್ನ ಓದು ನಾಲ್ಕನೇ ಕ್ಲಾಸಿಗೇ ನಿಂತಿತು. ಅದನ್ನೆಲ್ಲ ಚಂದ ಮಾಡಿ ಹೇಳೋಕೆ ನನಗೆ ಬರೋದಿಲ್ಲ. ಆದರೆ ಪಾತ್ರೆ ತಿಕ್ಕುವ ಮನೆಯಲ್ಲೂ ಅವಳು ತಲೆ ತಗ್ಗಿಸಿ ನಿಂತದ್ದನ್ನು ನಾನು ಕಂಡಿಲ್ಲ. ಅವಳು ತೀರಿಕೊಂಡಾಗ ಬಂದವರೆಲ್ಲ "ಸ್ವರ್ಗಕ್ಕೆ ಹೋದಳು, ಅಳಬೇಡ" ಅಂತ ಸಮಾಧಾನ ಹೇಳಿದರು. ಹೊಸದಾಗಿ ಹೋಗೋದೇನು ಬಂತು? ಅವಳು ಎಂದಿನಿಂದಲೋ ಅಲ್ಲಿಯವಳು. ನಾನೂ ಅಲ್ಲಿಯವಳೇ, ಅದರಲ್ಲಿ ನನಗೆ ಅನುಮಾನವಿಲ್ಲ. ಇಬ್ಬರೂ ಒಂದೇ ಊರಿನವರು. ಈಗ ಅವಳು ಮಾತಿಗೆ ಮಾತ್ರ ಸಿಗುವುದಿಲ್ಲ, ಅಷ್ಟೆ.