ಎತ್ತಿನ ಕಾಲಿಗೊಂದು ಪಿನ್ನು

ಗೆಳೆಯರೇ, ಇವತ್ತು ಚಳ್ಳಕೆರೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಬೈಸಿಕೊಂಡೆ. ನಾನು ಕೇಳಿದ್ದಿಷ್ಟೇ: "ಎತ್ತಿನ ಕಾಲು ಮುರಿದೈತ್ರಿ. ತೂತು ಹಾಕಿ ಪಿನ್ ಕೂರಿಸ್ಬೇಕು, ಸಣ್ಣ ಡ್ರಿಲ್ ಕೊಡ್ರಿ."

ಅಂಗಡಿಯವರು ಕೆಂಡವಾದರು. "ಮೂಕಪ್ರಾಣಿಗೆ ಡ್ರಿಲ್ ಹಾಕ್ತೀಯಾ? ದನದ ಡಾಕ್ಟ್ರ ಹತ್ರ ಹೋಗೋ!"

ಜೇಬಿನಿಂದ ಹೆಬ್ಬೆರಳುದ್ದದ ಪ್ಲಾಸ್ಟಿಕ್ ಎತ್ತು ತೆಗೆದು ತೋರಿಸಿದೆ. ನಾನು ಮಾಡುತ್ತಿರುವ ಪುಟಾಣಿ ಎತ್ತಿನಗಾಡಿ ಮಾದರಿಯ ಎತ್ತು ಅದು. ಅವರು ನಕ್ಕು, ಗೋಡೆ ಕೊರೆಯುವ ಕರೆಂಟ್ ಡ್ರಿಲ್ ಮುಂದಿಟ್ಟರು. "ತಗೋ, ಒಂದೇ ಏಟಿಗೆ ಆಗ್ತೈತೆ."

"ಅದು ತಿರುಗೋ ಬಿಸಿಗೆ ಪ್ಲಾಸ್ಟಿಕ್ ಕಾಲೇ ಕರಗ್ತೈತ್ರಿ. ಬೆರಳಲ್ಲಿ ತಿರುಗಿಸೋದೇ ಬೇಕು" ಎಂದು ಪಟ್ಟು ಹಿಡಿದು ನಿಂತೆ. ಕೊನೆಗೆ ಧೂಳು ಹಿಡಿದ ಡಬ್ಬಿಯಿಂದ ಪೆನ್ನಿನಂಥ ಕೈ ಡ್ರಿಲ್ ಹೊರಬಂತು.

ಮನೆಗೆ ಬಂದು ನಿಧಾನವಾಗಿ ಕೊರೆದು, ತಂತಿಯ ತುಂಡು ಕೂರಿಸಿ, ಅಂಟು ಹಾಕಿದೆ. ಎತ್ತು ಗಟ್ಟಿಯಾಗಿ ನಿಂತಿತು. ಫೋಟೋ ತೆಗೆದು ಅಂಗಡಿಯವರಿಗೆ ವಾಟ್ಸಾಪ್ ಮಾಡಿದೆ.

ಉತ್ತರ ಬಂತು: "ಒಂದ್ವಾರ ಗಾಡಿಗೆ ಕಟ್ಬ್ಯಾಡ."