ಸನಾವುಲ್ಲಾ ಇಟ್ಟ ಮೆಟ್ಟಿಲು

ನಮ್ಮ ಹಿತ್ತಲ ತೋಟದಲ್ಲಿ ಸ್ವಿಮ್ಮಿಂಗ್ ಪೂಲ್ ಇದೆ ಅಂದರೆ ದಂಡಿನಶಿವರದ ಜನ ಇವತ್ತಿಗೂ ನಗ್ತಾರೆ. ನಗಲಿ ಬಿಡಿ. ನಕ್ಕವರೆಲ್ಲ ಆಮೇಲೆ ಒಬ್ಬೊಬ್ಬರಾಗಿ ನೋಡೋಕೆ ಬಂದು, ನನ್ನ ಕೈಲಿ ಕಾಫಿ ಮಾಡಿಸ್ಕೊಂಡು ಕುಡಿದು, ನೀರಲ್ಲಿ ಕೈಯಾಡಿಸಿ ಹೋಗಿದಾರೆ. ಅದನ್ನ ಕಟ್ಟಿದವನು, ಇವತ್ತಿಗೂ ನೋಡ್ಕೊಳ್ಳೋನು, ತುರುವೇಕೆರೆಯ ಪಂಪ್‌ಸೆಟ್ ಮೆಕ್ಯಾನಿಕ್ ಸನಾವುಲ್ಲಾ. ಅವನ ಸುದ್ದಿ ಯಾರೂ ಹೇಳಲ್ಲ, ಅದಕ್ಕೇ ನಾನು ಹೇಳ್ತೀನಿ.

ನಾನು ಶಾಂತಕುಮಾರಿ. ಬಾಯಿ ಜೋರು ಅಂತ ಹೆಸರು ತಗೊಂಡೋಳು. ಕೊಬ್ಬರಿ ಅಟ್ಟಕ್ಕೆ ಹತ್ತಿ, ಕಾಯಿ ಒಣಗಿ ಗಿಟುಕಾಗಿದೆಯಾ ಅಂತ ಕಿವಿ ಹತ್ರ ಹಿಡಿದು ಅಲ್ಲಾಡಿಸಿ ನೋಡಿ, ಇಳಿಯುವಾಗ ಏಣಿಯಿಂದ ಜಾರಿ ಬಿದ್ದೆ. ಸೊಂಟದ ಮೂಳೆ ಮುರೀತು. ತುಮಕೂರಲ್ಲಿ ಆಪರೇಷನ್ ಆಯ್ತು, ಮೂಳೆ ಕೂಡ್ತು, ಆದರೆ ಕಾಲು ನನ್ನ ಮಾತು ಕೇಳಲಿಲ್ಲ. ಬಚ್ಚಲಿಗೆ ಹೋಗೋಕೂ ಒಬ್ಬರು ಹಿಡ್ಕೋಬೇಕು. ಡಾಕ್ಟರು ಖಡಾಖಂಡಿತವಾಗಿ ಹೇಳಿದರು: "ಎದೆಮಟ್ಟದ ನೀರಲ್ಲಿ ದಿನಾ ನಡೀರಿ, ನೀರು ನಿಮ್ಮ ಭಾರ ಹೊರುತ್ತೆ. ಈ ವರ್ಷ ನಡೀಲಿಲ್ಲ ಅಂದ್ರೆ ಮುಂದೆ ಗಾಲಿ ಕುರ್ಚಿನೇ ಗತಿ." ಆವತ್ತು ಕಾರಲ್ಲಿ ಬರ್ತಾ ದಾರಿಯುದ್ದಕ್ಕೂ ನಾನು ಬಾಯಿ ಬಿಡಲಿಲ್ಲ. ಅಷ್ಟು ಹೆದರಿದ್ದೆ.

ನಮ್ಮ ಯಜಮಾನ್ರು ಪರಮಶಿವಯ್ಯ ಮಾತು ಕಮ್ಮಿ, ಹಟ ಜಾಸ್ತಿ. ಬೆಳಗಾಗೆದ್ದು ನೋಡ್ತೀನಿ, ಮನೆ ಹಿಂದಿನ ತೋಟದಲ್ಲಿ ಗೂಟ ಹೊಡೆದು ಹಗ್ಗ ಎಳೀತಿದಾರೆ.

"ಯಾರಿಗ್ರೀ ಈ ಗುಂಡಿ?" ಅಂದೆ.

"ನಿಂಗೇ ಕಣೇ" ಅಂದರು. ಅಂದ ಮೇಲೆ ನಾಲಿಗೆ ಕಚ್ಕೊಂಡರು. ಬಿದ್ದಾಗಿನಿಂದ ನಾನು ನಕ್ಕಿದ್ದು ಅದೇ ಮೊದಲು.

ಕೆಲಸಕ್ಕೆ ಕರೆಸಿದ್ದು ಸನಾವುಲ್ಲಾನ್ನ. ನಮ್ಮ ಬೋರ್‌ವೆಲ್ ಮೋಟಾರು ಕೆಟ್ಟಾಗೆಲ್ಲ ಬಂದು ಎಬ್ಬಿಸಿ ಹೋಗೋನು ಅವನೇ. ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ ಒತ್ತಿ, ಹಿಡೀನ ಕಿವಿಗೆ ಇಟ್ಟು, ಕಣ್ಣು ಮುಚ್ಕೊಂಡು ಕೇಳ್ತಾನೆ. ಒಳಗೆ ಬೇರಿಂಗ್ ಹೋಗಿದೆಯೋ ಏನೋ ಅವನಿಗೆ ಕೇಳುತ್ತಂತೆ. "ಏನಂತಪ್ಪಾ ಮೋಟಾರು, ಹೆಂಡ್ತಿ ಮಾತೂ ಹಿಂಗೇ ಕೇಳ್ತೀಯಾ?" ಅಂತ ನಾನು ರೇಗಿಸೋದು. ಅವನು ಮುಸಿಮುಸಿ ನಗೋದು.

ಪೂಲ್ ಅನ್ನೋದನ್ನ ಅವನು ಅಲ್ಲೀವರೆಗೆ ಕಟ್ಟಿರಲಿಲ್ಲ. ಊರ ಕಡೆ ಗಾರೆಯವರನ್ನ ಜೊತೆ ಹಾಕ್ಕೊಂಡ. ತುಮಕೂರಿನ ಒಂದು ಈಜುಕೊಳಕ್ಕೆ ಹೋಗಿ, ನೀರಿನ ಕಡೆ ನೋಡದೆ ಮೋಟಾರ್ ರೂಮಲ್ಲೇ ದಿನವೆಲ್ಲ ಕೂತು ಬಂದ. ಇತ್ತ ಯಜಮಾನ್ರು ಒಂದು ತೆಂಗಿನ ಮರಾನೂ ಕಡಿಯೋ ಹಂಗಿಲ್ಲ ಅಂತ ಕೂತರು. ಹಂಗಾಗಿ ಎರಡು ಸಾಲಿನ ಮಧ್ಯೆ ನಮ್ಮ ಕೊಳ ಸೌತೆಕಾಯಿ ಥರ ಉದ್ದಕ್ಕೆ, ಕಿರಿದಾಗಿ ಆಯ್ತು. ಆಳ ಎಷ್ಟು ಅನ್ನೋದು ಮಾತ್ರ ತೀರ್ಮಾನವಾಗದೆ ನಿಂತು ಹೋಯ್ತು. ನನ್ನ ಎದೆಮಟ್ಟ ಅಳೆಯೋಕೆ ಸನಾವುಲ್ಲಾಗೆ ಸಂಕೋಚ, ಟೇಪು ಹಿಡ್ಕೊಂಡು ನೆಲ ನೋಡ್ತಾ ನಿಂತ. ಆಗ ಯಜಮಾನ್ರು ತಮ್ಮ ಭುಜ ಮುಟ್ಟಿ, "ನಮ್ಮಾಕೆ ತಲೆ ಇಲ್ಲಿಗೆ ಬರುತ್ತೆ, ಇಲ್ಲಿಂದ ಲೆಕ್ಕ ಹಾಕ್ಕೋ" ಅಂದರು. ಕಿಟಕಿಯಿಂದ ಕೇಳಿಸ್ಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಈ ಮನುಷ್ಯ ಅಷ್ಟಾದರೂ ಗಮನಿಸಿದಾರಲ್ಲ ಅಂತ ಸೆರಗಲ್ಲಿ ಕಣ್ಣೊರೆಸ್ಕೊಂಡೆ.

ನೀಲಿ ಟೈಲ್ಸ್ ಬಂತು, ನೀರು ತುಂಬ್ತು. ಹೊಸ ನೀರು ಅಂದ ಮೇಲೆ ಗಂಗೆ ಪೂಜೆ ಮಾಡದೆ ಬಿಡ್ತೀವಾ? ಓರಗಿತ್ತಿ ಶಿವರುದ್ರಮ್ಮ, ನೆರೆಮನೆ ಮೀನಾಕ್ಷಮ್ಮ ಎಲ್ಲ ಬಂದರು. ಅರಿಶಿನ, ಕುಂಕುಮ, ಹಾಲು, ಸೇವಂತಿಗೆ ಎಲ್ಲ ನೀರಿಗೆ ಬಿತ್ತು. ಅದು ಹೋಗಿ ತನ್ನ ಹೊಸ ಫಿಲ್ಟರಿಗೆ ಕೂರುತ್ತೆ ಅಂತ ಗೊತ್ತಿದ್ದೂ ಸನಾವುಲ್ಲಾ ಚಪ್ಪಲಿ ಬಿಟ್ಟು, ಕೈಕಟ್ಕೊಂಡು ಒಂದು ಕಡೆ ನಿಂತಿದ್ದ. ಮಂಗಳಾರತಿ ಆಯ್ತು. "ಇಳಿಯಮ್ಮ ಶಾಂತಾ" ಅಂದರು ಎಲ್ಲರೂ. ವಾಕರ್ ಹಿಡ್ಕೊಂಡು ಅಂಚಿಗೆ ಹೋಗಿ ನೋಡ್ತೀನಿ, ನಾಲ್ಕು ಕಡೆಯೂ ನೆಟ್ಟಗೆ ಗೋಡೆ. ಒಂದು ಮೂಲೆಯಲ್ಲಿ ಕಬ್ಬಿಣದ ಏಣಿ.

"ಅಯ್ಯೋ ನಿಮ್ಮ ಮನೆ ಹಾಳಾಗ! ಏಣಿಯಿಂದ ಬಿದ್ದೋಳಿಗೆ ಏಣಿ ಇಟ್ಟಿದೀರಲ್ರೋ!"

ಯಜಮಾನ್ರು, ಗಾರೆಯವರು, ಸನಾವುಲ್ಲಾ, ಎಲ್ಲ ಹುಡುಗರಾಗಿದ್ದಾಗಿಂದ ತೋಟದ ಬಾವಿಗೆ ದುಡುಮ್ಮಂತ ಬಿದ್ದು ಈಜಿದೋರು. ನೀರಿಗೆ ಇಳಿಯೋದು ಅಂದರೆ ಹಾರೋದು, ಹತ್ತೋದು ಅಂದರೆ ಏಣಿ. ಅಷ್ಟು ದಿನ ಕಟ್ಟುವಾಗ ಒಬ್ಬನಿಗೂ ಹೊಳೆದಿಲ್ಲ. ನನಗೆ ಮೊದಲು ನಗು ಬಂತು, ಹಿಂದೇನೇ ಅಳು ಬಂತು. ಆ ಗಾಲಿ ಕುರ್ಚಿನೇ ನನ್ನ ಹಣೇಲಿ ಬರೆದಿರೋದು ಅಂದ್ಕೊಂಡು ಒಳಗೆ ಹೋಗಿ ಮಲಗಿಬಿಟ್ಟೆ.

ಸನಾವುಲ್ಲಾ ಅನ್ನ ಮುಟ್ಟದೆ ಹೋದನಂತೆ. ಮಾರನೇ ದಿನ ಬಂದು ನೀರೆಲ್ಲ ತೆಂಗಿನ ಪಾತಿಗೆ ಬಿಟ್ಟ. ಫಿಲ್ಟರಿನ ಮರಳೊಳಗೆ ಸಿಕ್ಕ ಹೂವು ಆರಿಸಿ ತೆಗೆದ. ಒಂದು ತುದಿ ಒಡೆಸಿ ಮೆಟ್ಟಿಲು ಕಟ್ಟಿಸಿದ. ಎಂಥ ಮೆಟ್ಟಿಲು ಅಂತೀರಾ! ಅಗಲವಾಗಿ, ತಗ್ಗಾಗಿ, ಪಕ್ಕದಲ್ಲಿ ಹಿಡ್ಕೊಳ್ಳೋಕೆ ಪೈಪು. ಮತ್ತೆ ನೀರು ತುಂಬಿದ ದಿನ ಹೆದರ್ತಾ ಹೆದರ್ತಾ ಕಾಲಿಟ್ಟೆ. ಎಲ್ಲೂ ಚಳುಕು ಹೊಡೀಲಿಲ್ಲ. ಎದೆಮಟ್ಟ ನೀರು ಬಂದಾಗ ಮೈ ಹಗುರಾಯ್ತು, ನನ್ನ ಕಾಲು ನನಗೇ ಸಿಕ್ಕಿತು. "ಇಷ್ಟು ಸರಿಯಾಗಿ ಹೆಂಗೋ ಕಟ್ಟಿದೆ?" ಅಂತ ಕೇಳಿದರೆ, "ಏನೋ ಅಂದಾಜು ಅಕ್ಕಾ" ಅಂತ ಜಾರಿಕೊಂಡ.

ಅಲ್ಲಿಂದ ಅವನ ದಿನಚರಿ ಬದಲಾಯ್ತು. ಅಂಗಡಿ ಬಾಗಿಲು ತೆರೆಯೋಕೆ ಮುಂಚೆ ನಮ್ಮಲ್ಲಿಗೆ ಬರೋನು. ತೆಂಗಿನ ಮರದ ಕೆಳಗೆ ಪೂಲ್ ಇಟ್ಕೊಂಡೋರ ಪಾಡು ಕೇಳಬೇಡಿ! ಹರಳು, ಅಂದರೆ ಎಳೇ ಮಿಡಿ, ಉದುರುತ್ತೆ, ಹೂವು ಉದುರುತ್ತೆ, ಗರಿ ಧೊಪ್ಪಂತ ಬೀಳುತ್ತೆ, ಕಪ್ಪೆಗಳು ನೆಂಟರ ಥರ ಬಂದು ಇದ್ದುಬಿಡ್ತವೆ. ಗಳಕ್ಕೆ ಸೊಳ್ಳೆ ಪರದೆ ಕಟ್ಟಿ ಎಲ್ಲ ಬಾಚಿ ತೆಗೆಯೋನು. ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಔಷಧಿಯ ತೊಟ್ಟು ಬಿಟ್ಟು ಬಣ್ಣ ನೋಡಿ, ಆಮೇಲೆ ಕ್ಲೋರಿನ್ ಹಾಕೋನು. ನಮ್ಮ ಬೋರ್ ನೀರು ಟೈಲ್ಸಿಗೆ ಬಿಳೀ ಪದರ ಕಟ್ಟುತ್ತೆ, ಅದನ್ನ ತೆಂಗಿನ ನಾರಲ್ಲೇ ತಿಕ್ಕೋನು. ನಾನು ಇಳಿಯೋ ಹೊತ್ತಿಗೆ ಮೋಟಾರ್ ಆಫ್ ಮಾಡಿ, ಕೊಳಕ್ಕೆ ಮರೆಯಾಗಿ ಕಟ್ಟಿದ್ದ ಹಸಿರು ನೆಟ್ಟಿನ ಆಚೆ ಪಂಪಿನ ಶೆಡ್ ಮುಂದೆ ಬೆನ್ನು ತಿರುಗಿಸಿ ಕೂರೋನು. ನೋಡೋ ಹಂಗಿಲ್ಲ, ಬಿಟ್ಟು ಹೋಗೋಕೂ ಮನಸ್ಸಿಲ್ಲ. ಅದಕ್ಕೆ ಸ್ವಲ್ಪ ಹೊತ್ತಿಗೊಂದು ಸಲ ಕೂಗೋನು:

"ಅಕ್ಕಾ?"

"ಇದೀನಿ ಕಣಪ್ಪ!"

ದಿನಾ ಇದೇ. ಒಂದೊಂದು ಸಲ ರೇಗಿ, "ಮುಳುಗೋದೆ ಕಣೋ!" ಅಂತಿದ್ದೆ. ಹಂಗಂದರೂ ಆ ಕೂಗು ತಡವಾದರೆ ನಾನೇ ಪೈಪು ಹಿಡ್ಕೊಂಡು ನಿಂತು ಕಾಯೋದು.

ರಂಜಾನ್ ಹಬ್ಬಕ್ಕೆ ಅವನ ಹೆಂಡ್ತಿ ಖುರ್ಷಿದ್ ಬೇಗಂ ಶಾವಿಗೆ ಪಾಯಸ ತಂದಳು. ನಮ್ಮ ಜಗಲಿಯ ಮೆಟ್ಟಿಲ ಹತ್ರ ಬಂದು ನಿಂತವಳು ಮೇಲೆ ಹತ್ತಲೇ ಇಲ್ಲ. ಮಂಡಿ ಎತ್ತೋಕಾಗದೆ ಕಂಬ ಹಿಡ್ಕೊಂಡಳು. ಅಷ್ಟೊತ್ತಿಗೆ ನಾನು ವಾಕರ್ ಬಿಟ್ಟು ಕೋಲಿಗೆ ಬಂದಿದ್ದೆ, ಅದನ್ನೇ ಊರಿಕೊಂಡು ಹೋಗಿ ಕೈಕೊಟ್ಟೆ.

"ನಿಮ್ಮ ಕೊಳದ ಮೆಟ್ಟಿಲು ಸರಿಯಾಯ್ತಾ ಅಕ್ಕಾ? ಗಂಗೆ ಪೂಜೆ ದಿನ ರಾತ್ರಿ ಇವರು ಮನೆಗೆ ಬಂದೋರು ಅಂಗಳದಲ್ಲಿ ಇಟ್ಟಿಗೆ ಜೋಡಿಸಿ, ಹತ್ತು ಇಳಿ ಅಂತ ನನ್ನ ಪ್ರಾಣ ತಿಂದ್ಬುಟ್ರು. ನೋವು ಅಂದ್ರೆ ಇಟ್ಟಿಗೆ ತೆಗೆಯೋರು, ಕಮ್ಮಿ ಮಾಡೋರು. ನೋವಿಲ್ಲ ಅಂದ ಮೇಲೇನೇ ಬಿಟ್ಟಿದ್ದು" ಅಂತ ನಕ್ಕಳು.

ಶೆಡ್ ಹತ್ರ ಇದ್ದ ಅವನನ್ನ ಕರೆದು ಚೆನ್ನಾಗಿ ಬೈದೆ. "ಇವಳ ಮಂಡಿ ಅಳತೇಲಿ ನಂಗೆ ಮೆಟ್ಟಿಲು ಕಟ್ಟಿದೀಯಲ್ಲೋ, ಒಂದಿನ ಇವಳನ್ನ ಕರ್ಕೊಂಡು ಬರಬಾರದಾಗಿತ್ತಾ?"

"ಹೆಂಗೆ ಕೇಳ್ಲಿ ಅಕ್ಕಾ, ನಿಮ್ಮ ಮನೆ ನೀರು."

"ನೀರಿಗೆ ನನ್ನ ಹೆಸರು ಬರೆದಿದೆಯೇನೋ? ನಾಳೆಯಿಂದ ಸ್ಕೂಟರಲ್ಲಿ ಕೂರಿಸ್ಕೊಂಡು ಬಾ. ಒಬ್ಬನೇ ಬಂದರೆ ಗೇಟಿಂದಲೇ ಅಟ್ಟಿಬಿಡ್ತೀನಿ."

ಬಂದಳು. ಚೂಡಿದಾರಲ್ಲೇ ಇಳಿದಳು. ಮೊದಲ ದಿನ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದಳು ಅಂದರೆ ಬಳೆ ಗುರುತು ಬಿತ್ತು. ದಿನ ಹೋಗ್ತಾ ಹೋಗ್ತಾ ನೀರಲ್ಲಿ ನಡೆಯೋದಕ್ಕಿಂತ ನಮ್ಮ ಮಾತೇ ಜಾಸ್ತಿ ಆಯ್ತು. ಅವನು ಆಚೆಯಿಂದ "ಅಕ್ಕಾ?" ಅಂದರೆ ಇಬ್ಬರೂ ಸೇರಿ "ಇದೀವಿ!" ಅನ್ನೋದು. ಅವಳು ತಂಗಿಯಾಗಿಬಿಟ್ಟಳು ಕಣ್ರೀ, ಅದರಲ್ಲಿ ಮುಚ್ಚುಮರೆ ಏನು?

ಮೊನ್ನೆ ಮಾಗಿ ಮುಗಿಯೋ ಹೊತ್ತಿಗೆ ಒಂದು ಬೆಳಗ್ಗೆ, ನೀರಿಂದ ಹತ್ತಿ ಮೈ ಒರೆಸ್ಕೊಂಡು, ಒಣ ಬಟ್ಟೆ ಹಾಕ್ಕೊಂಡ್ವಿ. ನನ್ನ ಕೋಲು ಪೈಪಿಗೆ ಒರಗಿತ್ತು. ಅದಕ್ಕೆ ಕೈ ಚಾಚಿದೋಳು ಯಾಕೋ ಬೇಡ ಅಂತ ಬಿಟ್ಟೆ. ಖುರ್ಷಿದ್ ಕಣ್ಣಗಲಿಸಿ ನೋಡಿದಳು. ಬಾಯಿ ಮೇಲೆ ಬೆರಳಿಟ್ಟು ಸುಮ್ಮನಿರು ಅಂತ ಸನ್ನೆ ಮಾಡಿ, ಒಂದು ಹೆಜ್ಜೆ ಇಟ್ಟೆ. ಇನ್ನೊಂದು ಇಟ್ಟೆ. ಕಾಲು ನಿಂತಿತು. ಅವಳು ಪಕ್ಕದಲ್ಲೇ ಬಂದಳು, ಮುಟ್ಟಲಿಲ್ಲ. ಹಂಗೇ ನೆಟ್ ಬಳಸಿಕೊಂಡು ಶೆಡ್ ಹತ್ರ ಹೋಗಿ ಅವನ ಬೆನ್ನ ಹಿಂದೆ ನಿಂತ್ವಿ.

ಸನಾವುಲ್ಲಾ ಕೊಳದ ಕಡೆ ಕಿವಿ ಕೊಟ್ಟು ಕೂಗಿದ. "ಅಕ್ಕಾ?"

ನಾವು ಉಸಿರು ಬಿಡಲಿಲ್ಲ. ಅವನು ಗಾಬರಿಯಾಗಿ ಎದ್ದ. "ಅಕ್ಕಾ? ಖುರ್ಷಿದ್?"

"ಇಲ್ಲೇ ಇದೀನಿ ಕಣಪ್ಪ" ಅಂದೆ.

ತಿರುಗಿದ. ನನ್ನ ಖಾಲಿ ಕೈ ನೋಡಿದ, ಕಾಲು ನೋಡಿದ, ಪಕ್ಕದಲ್ಲಿ ಕಂಬ ಹಿಡೀದೆ ನಿಂತಿದ್ದ ಹೆಂಡ್ತೀನ ನೋಡಿದ. ತಟ್ಟನೆ ಆಕಡೆ ತಿರುಗಿ ಕೂತು, ಸ್ಕ್ರೂಡ್ರೈವರ್ ತಗೊಂಡು ಮೋಟಾರಿಗೆ ಒತ್ತಿ, ಕಿವಿ ಇಟ್ಟು ಕಣ್ಣು ಮುಚ್ಕೊಂಡ. ಹೆಗಲು ಅಲುಗ್ತಿತ್ತು.

ಮೋಟಾರ್ ಆಫ್ ಆಗಿತ್ತು. ನಾನು ರೇಗಿಸಲಿಲ್ಲ.